ಕೂಲಿಯ ಲೆಕ್ಕದಲ್ಲಿ ವೈನ್: ಕೇಪ್ ತೋಟಗಳ ‘ಡಾಪ್’

ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ‘ಡಾಪ್’ ಎಂಬ ಮಾತು ಕೇಳದ ಹಿರಿಯರು ಸಿಗುವುದು ಕಷ್ಟ. ಆಫ್ರಿಕಾನ್ಸ್ ಭಾಷೆಯಲ್ಲಿ ಡಾಪ್ ಎಂದರೆ ಒಂದು ಗುಟುಕು ಮದ್ಯ. ತೋಟದಲ್ಲಿ ಅದು ಕೂಲಿಯ ಒಂದು ಪಾಲಾಗಿತ್ತು. ಬೆಳಗ್ಗೆ ಕೆಲಸಕ್ಕಿಳಿಯುವ ಮುನ್ನ ತಗಡಿನ ಡಬ್ಬಿಯಲ್ಲಿ ಒಂದಳತೆ ವೈನ್, ನಡುನಡುವೆ ಮತ್ತಷ್ಟು, ಸಂಜೆ ಮನೆಗೆ ಹೊರಡುವಾಗ ಇನ್ನೊಂದು. ಒಳ್ಳೆಯ ವೈನ್ ಮಾರುಕಟ್ಟೆಗೆ, ಕಳಪೆಯದು ಕೂಲಿಯವರಿಗೆ. ಚಟ ಹತ್ತಿದವರು ಮರುದಿನ ಬೇರೆ ಕಡೆ ಹೋಗುವುದಾದರೂ ಹೇಗೆ?

ಈ ಊರುಗಳ ಕುಡಿತದ ಮಾತು ಬಂದಾಗ ‘ಅದು ಅವರ ರಕ್ತದಲ್ಲೇ ಇದೆ’ ಎಂದುಬಿಡುವವರಿದ್ದಾರೆ. ನನಗೆ ಅತ್ಯಂತ ನೋವು ಕೊಡುವ ಮಾತದು. ಕುಡಿತ ರಕ್ತದಿಂದ ಬಂದದ್ದಲ್ಲ, ಕಲಿಸಿದ್ದು. 1658ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್‌ನಲ್ಲಿ ಗುಲಾಮರಿಗಾಗಿ ಶಾಲೆ ತೆರೆಯಿತು. ಅವರು ಮನಸ್ಸಿಟ್ಟು ಪಾಠ ಕೇಳಲೆಂದು ದಿನಾ ಒಂದು ಲೋಟ ಬ್ರಾಂದಿ, ಎರಡಿಂಚು ತಂಬಾಕು ಕೊಡುವಂತೆ ಕಂಪನಿಯ ಅಧಿಕಾರಿ ಯಾನ್ ವಾನ್ ರೀಬೆಕ್ ಏರ್ಪಾಟು ಮಾಡಿದ. ಮರುವರ್ಷ, 1659ರ ಫೆಬ್ರವರಿಯಲ್ಲಿ, ಅಲ್ಲಿನ ದ್ರಾಕ್ಷಿಯಿಂದ ಮೊದಲ ವೈನ್ ಇಳಿಯಿತು. ಮುಂದೆ ತೋಟಗಳಲ್ಲಿ ದುಡಿದವರು ನೆಲ ಕಳೆದುಕೊಂಡ ಖೋಯ್‌ಖೋಯ್ ಪಶುಪಾಲಕರು, ಹಡಗಿನಲ್ಲಿ ತಂದ ಗುಲಾಮರು. ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದವರ ಜೊತೆ ಬಂಗಾಳ, ಕೋರಮಂಡಲ, ಮಲಬಾರ್ ಕಡೆಯವರೂ ಅವರಲ್ಲಿದ್ದರು. ನಮ್ಮ ಕಡಲಾಚೆಗೆ ಹೋದ ಆ ಜೀವಗಳ ನೆನಪು ನಮ್ಮಲ್ಲಿ ಎಷ್ಟು ಮಂದಿಗಿದೆ?

1834ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು, ಡಾಪ್ ಹೋಗಲಿಲ್ಲ. ತೋಟ ಬಿಟ್ಟರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು, ಏಕೆಂದರೆ ಮನೆ ಮಾಲೀಕನದು. 1960ರ ದಶಕದಲ್ಲಿ ಮದ್ಯವನ್ನು ಕೂಲಿಯಾಗಿ ಕೊಡುವುದು ನಿಷೇಧವಾದರೂ ಕೆಲವು ತೋಟಗಳಲ್ಲಿ 1990ರ ದಶಕದವರೆಗೂ ಅದು ನಡೆದೇ ಇತ್ತು. ಡಾಪ್ ನಿಂತ ಕಡೆಗಳಲ್ಲಿ ಅದೇ ಅಗ್ಗದ ವೈನ್ ‘ಪಾಪ್‌ಸಾಕ್’ ಎಂಬ ಮೆತ್ತನೆಯ ಚೀಲದಲ್ಲಿ ಬಂತು. ಈ ಸಲ ಕೂಲಿಯವರೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು.

ಪೆಟ್ಟು ಹೊಟ್ಟೆಯೊಳಗಿನ ಕೂಸಿಗೂ ಬಿತ್ತು. ಬಸುರಿನಲ್ಲಿ ತಾಯಿ ಕುಡಿದರೆ ಮಗುವಿನ ಮಿದುಳು, ಮುಖ, ಬೆಳವಣಿಗೆಗಳಿಗೆ ಆಗುವ ಹಾನಿಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎನ್ನುತ್ತಾರೆ. 1990ರ ದಶಕದ ಕೊನೆಯಲ್ಲಿ ಈ ಸೀಮೆಯ ಒಂದು ಊರಿನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿದಾಗ ಸಾವಿರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂತು. ಜಗತ್ತಿನಲ್ಲಿ ಆವರೆಗೆ ದಾಖಲಾದ ಅತಿ ದೊಡ್ಡ ಪ್ರಮಾಣವದು.

ಆಮೇಲೆ ತೋಟಗಳು ಕಾಯಂ ಕೂಲಿಯವರನ್ನು ಕಡಿಮೆ ಮಾಡುತ್ತಾ ಬಂದವು. ಸೂರು ಕಳೆದುಕೊಂಡ ಸಂಸಾರಗಳು ಪಟ್ಟಣದಂಚಿನ ತಗಡಿನ ಜೋಪಡಿಗಳನ್ನು ಸೇರಿದವು. ಕೊಯ್ಲಿನ ಕಾಲದಲ್ಲಿ ಲಾರಿ ಬಂದು ಕರೆದೊಯ್ಯುತ್ತದೆ. ಉಳಿದ ತಿಂಗಳುಗಳಲ್ಲಿ ಕೆಲಸವಿಲ್ಲ, ಹೆಂಡದಂಗಡಿ ಮಾತ್ರ ಹತ್ತಿರದಲ್ಲೇ ಇದೆ.