ಘಾಟಿ ಇಳಿಯುವ ಮೊದಲು ಮೇಜಿನ ಮೇಲೊಂದು ಸ್ಟೇರಿಂಗ್

ಪ್ರಶ್ನೆ: ನಮ್ಮ ಮನೆ ಮಡಿಕೇರಿಯ ಹತ್ತಿರ. ನನಗೆ ಎಲ್‌ಎಲ್‌ಆರ್ ಆಗಿದೆ. ಭಾನುವಾರ ಒಂದು ಗಂಟೆ ಬಿಟ್ಟರೆ ಅಪ್ಪ ಕಾರಿನ ಕೀಲಿ ಕೊಡುವುದಿಲ್ಲ. ಉಳಿದ ದಿನ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡೋಣವೆಂದಿದ್ದೇನೆ. ರೇಸ್ ಬೇಡ, ನಿಜವಾದ ರಸ್ತೆಯಲ್ಲಿ ಓಡಿಸಿದಂತಿರುವ ಆಟ ಯಾವುದು? ಅದಕ್ಕೆ ಯಾವ ಸ್ಟೇರಿಂಗ್ ಕೊಳ್ಳಲಿ?

ಉತ್ತರ: ಎಲ್ಲರೂ ಮೊದಲು ಆಟದ ಹೆಸರು ಕೇಳುತ್ತಾರೆ. ನಾನು ಮೊದಲು ಪೆಡಲ್ ಎಣಿಸುತ್ತೇನೆ. ಎರಡೇ ಇದ್ದರೆ, ಅಂದರೆ ಕ್ಲಚ್ ಇಲ್ಲದಿದ್ದರೆ, ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಮ್ಮಲ್ಲಿ ಮನೆಯ ಗೇಟು ದಾಟುವುದೇ ಏರಿನಲ್ಲಿ. ಶುಕ್ರವಾರದ ಸಂತೆಯ ದಿನ ಮಡಿಕೇರಿಯ ಏರುರಸ್ತೆಯಲ್ಲಿ ಮುಂದೊಂದು ಜೀಪು, ಹಿಂದೊಂದು ಬಸ್ಸು. ಬ್ರೇಕಿನಿಂದ ಕಾಲು ತೆಗೆದ ಮೇಲೂ ಕಾರು ಹಿಂದಕ್ಕೆ ಜಾರದಂತೆ ಕ್ಲಚ್ಚನ್ನು ಅರ್ಧ ಮಾತ್ರ ಬಿಟ್ಟು, ಅಂದರೆ ಹಾಫ್ ಕ್ಲಚ್‌ನಲ್ಲಿ, ಹಿಡಿದು ಹೊರಡಬೇಕು. ಅದು ಎಡಗಾಲಿನ ವಿದ್ಯೆ. (ಅಪ್ಪನ ಕಾರು ಆಟೊಮ್ಯಾಟಿಕ್ ಆಗಿದ್ದರೆ ಈ ಮಾತನ್ನು ಮರೆತುಬಿಡಿ, ಎರಡು ಪೆಡಲ್ ಸಾಕು, ದುಡ್ಡೂ ಉಳಿಯಿತು.)

ಎರಡನೆಯದು, ಸ್ಟೇರಿಂಗ್ ಚಕ್ರ ಎಷ್ಟು ಸುತ್ತುತ್ತದೆ ಎಂಬುದು. ನಾನು ಮೊದಲು ಕೊಂಡದ್ದು 270 ಡಿಗ್ರಿಯ ಅಗ್ಗದ ಚಕ್ರ, ಅಂದರೆ ಮುಕ್ಕಾಲು ಸುತ್ತು. ಎರಡು ತಿಂಗಳು ಅದರಲ್ಲೇ ತಿರುವುಗಳನ್ನು ಸಲೀಸಾಗಿ ದಾಟಿದೆ. ನಿಜವಾದ ಕಾರಿನಲ್ಲಿ ಸಂಪಾಜೆ ಘಾಟಿಯ ಮೊದಲ ದೊಡ್ಡ ತಿರುವಿಗೆ ಬಂದಾಗ ಕೈ ಅಭ್ಯಾಸಬಲದಿಂದ ಕಾಲುಭಾಗ ಸುತ್ತು ಮಾತ್ರ ತಿರುಗಿಸಿ ನಿಂತಿತು. ಕಾರು ನೇರವಾಗಿ ಎದುರಿನ ಬದಿಗೇ ಹೊರಟಿತು. ಪಕ್ಕದಲ್ಲಿದ್ದ ಚಿಕ್ಕಪ್ಪ ಸ್ಟೇರಿಂಗ್ ಎಳೆಯದಿದ್ದರೆ ಚರಂಡಿಯಲ್ಲಿರುತ್ತಿದ್ದೆವು. ಸಾಮಾನ್ಯ ಕಾರಿನ ಸ್ಟೇರಿಂಗ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎರಡೂವರೆಯಿಂದ ಮೂರೂವರೆ ಸುತ್ತು ಬರುತ್ತದೆ. ಆದ್ದರಿಂದ ಕನಿಷ್ಠ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ಇರುವುದನ್ನೇ ಕೊಳ್ಳಿ. ಆಟದ ಸೆಟ್ಟಿಂಗ್‌ನಲ್ಲಿಯೂ 900 ಎಂದೇ ಇದೆಯೇ ನೋಡಿಕೊಳ್ಳಿ.

ಮೂರನೆಯದು ಫೋರ್ಸ್ ಫೀಡ್‌ಬ್ಯಾಕ್. ಒಳಗೆ ಮೋಟಾರ್ ಇದ್ದು, ತಿರುವಿನಿಂದ ಹೊರಬರುವಾಗ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ, ಟೈರು ಜಾರಿದರೆ ಕೈಗೆ ಹಗುರವಾಗುತ್ತದೆ. ಅಗ್ಗದ ಚಕ್ರಗಳಲ್ಲಿ ಇರುವುದು ಮೊಬೈಲಿನಂತೆ ಗುರ್ರೆನ್ನುವ ಕಂಪನ ಮಾತ್ರ.

ಈ ಮೂರೂ ಸೇರಿ ಸಿಗುವುದು ಲಾಜಿಟೆಕ್‌ನ ಜಿ29, ಜಿ920, ಜಿ923 ಮತ್ತು ಥ್ರಸ್ಟ್‌ಮಾಸ್ಟರ್ ಟಿ248ರಲ್ಲಿ. ಥ್ರಸ್ಟ್‌ಮಾಸ್ಟರ್‌ನದೇ ಟಿ150 ಅಗ್ಗ, ಚಕ್ರವೂ 1080 ಡಿಗ್ರಿ ತಿರುಗುತ್ತದೆ, ಆದರೆ ಪೆಡಲ್ ಎರಡೇ. ಕೈಯಿಂದ ಹಾಕುವ ಗೇರ್ ಇವುಗಳ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ನನ್ನನ್ನು ಕೇಳಿದರೆ ಕೊಡಗಿಗೆ ಟಿ248 ವಾಸಿ. ಅದರ ಪೆಡಲ್‌ಗಳು ಅಯಸ್ಕಾಂತದ ಸಂವೇದಕದಿಂದ ಕೆಲಸ ಮಾಡುತ್ತವೆ. ಲಾಜಿಟೆಕ್‌ನ ಪೆಡಲ್‌ಗಳ ಒಳಗೆ ಉಜ್ಜಿಕೊಂಡು ತಿರುಗುವ ಬಿಡಿಭಾಗವಿದೆ. ಅದರಲ್ಲಿ ಕೊಳೆ ಕೂತರೆ ಕಾಲು ಅಲುಗಿಸದಿದ್ದರೂ ಕಾರು ಎಗರುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಆಷಾಢದಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ. ಚಕ್ರವನ್ನು ಮೋಟಾರಿಗೇ ನೇರವಾಗಿ ಜೋಡಿಸಿದ, ಡೈರೆಕ್ಟ್ ಡ್ರೈವ್ ಎಂಬ ದುಬಾರಿ ಜಾತಿಯವೂ ಇವೆ, ಕಲಿಯುವವರಿಗೆ ಬೇಕಿಲ್ಲ.

ಇನ್ನು ಆಟ. ಮೊದಲ ತಿಂಗಳಿಗೆ ಸಿಟಿ ಕಾರ್ ಡ್ರೈವಿಂಗ್. ರಷ್ಯದಲ್ಲಿ ತಯಾರಾದ ಇದು ನೋಡಲು ಹಳೆಯದು, ಚಂದವೂ ಇಲ್ಲ. ಆದರೆ ಕ್ಲಚ್ ಬೇಗ ಬಿಟ್ಟರೆ ಎಂಜಿನ್ ಆಫ್ ಆಗುತ್ತದೆ, ಇಂಡಿಕೇಟರ್ ಹಾಕದಿದ್ದರೆ ತಪ್ಪು ತೋರಿಸುತ್ತದೆ, ಪಾದಚಾರಿ ಇದ್ದಕ್ಕಿದ್ದಂತೆ ಅಡ್ಡ ಬರುತ್ತಾನೆ. ಏರಿನಲ್ಲಿ ನಿಂತು ಹೊರಡುವುದಕ್ಕೇ ಒಂದು ಪಾಠವಿದೆ. ಶುರು ಮಾಡುವಾಗಲೇ ಎಡಬದಿಯ ಸಂಚಾರವನ್ನು ಆರಿಸಿಕೊಳ್ಳಿ. ಬಲಬದಿಯಲ್ಲಿ ಓಡಿಸಿ ಕೈಗೆ ರೂಢಿಯಾದರೆ ಬಿಡಿಸುವುದು ಕಷ್ಟ.

ಘಾಟಿಗೆ ಬೇಕಾದದ್ದು ಬೀಮ್‌ಎನ್‌ಜಿ ಡ್ರೈವ್. ಜರ್ಮನಿಯ ಈ ಆಟವನ್ನು ಹುಡುಗರು ಕಾರು ಜಜ್ಜಿ ನೋಡಲು ಆಡುತ್ತಾರೆ. ಅದರಲ್ಲಿ ಇಟಲಿಯ ನಕ್ಷೆ ತೆರೆಯಿರಿ, ಕಿರಿದಾದ ಗುಡ್ಡದ ರಸ್ತೆಗಳಿವೆ. ತುದಿಯಿಂದ ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯಿರಿ. ಸ್ವಲ್ಪ ದೂರದಲ್ಲಿ ಬ್ರೇಕ್ ಕಾದು ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದರೂ ಕಾರು ಓಡುತ್ತಲೇ ಇರುತ್ತದೆ. ಅದೇ ರಸ್ತೆಯನ್ನು ಎರಡನೇ ಗೇರಿನಲ್ಲಿ ಇಳಿದರೆ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಏರಿದ ಗೇರಿನಲ್ಲೇ ಇಳಿ ಎಂದು ಇಲ್ಲಿನ ಹಳೆಯ ಡ್ರೈವರುಗಳು ಹೇಳುವುದನ್ನು ಕಾರು ಕಳೆದುಕೊಳ್ಳದೆ ಅರ್ಥ ಮಾಡಿಕೊಳ್ಳಲು ಬೇರೆ ದಾರಿ ನನಗೆ ಗೊತ್ತಿಲ್ಲ. ಅಲ್ಲಿ ಸಂಚಾರ ಬಲಬದಿಯದು, ಹಾಗಾಗಿ ಬೇರೆ ವಾಹನಗಳಿಲ್ಲದೆ ಒಬ್ಬರೇ ಇಳಿಯಿರಿ. ಕಂಪ್ಯೂಟರ್ ಮಾತ್ರ ಗಟ್ಟಿಯಾಗಿರಬೇಕು, 16 ಜಿಬಿ ಮೆಮೊರಿಗಿಂತ ಕಡಿಮೆಯಿದ್ದರೆ ತೆವಳುತ್ತದೆ.

ಕಂಪ್ಯೂಟರ್ ಹಳೆಯದಾದರೆ 2012ರ ಯೂರೋ ಟ್ರಕ್ ಸಿಮ್ಯುಲೇಟರ್ 2 ಇದೆ. ಅದರ ಬ್ರಿಟನ್ನಿನಲ್ಲಿ ಎಡಬದಿಯಲ್ಲೇ ಓಡಿಸಬಹುದು. ಲಾರಿಯಾದರೂ ಕನ್ನಡಿ ನೋಡುವ ಅಭ್ಯಾಸ ಚೆನ್ನಾಗಿ ಆಗುತ್ತದೆ.

ಮನೆಯೊಳಗಿನ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಕೆಳಗೆ ಗಾಲಿಯಿರುವ ಆಫೀಸ್ ಕುರ್ಚಿ ಬೇಡ, ಕ್ಲಚ್ ಒತ್ತಿದಾಗ ನೀವೇ ಹಿಂದಕ್ಕೆ ಹೋಗುತ್ತೀರಿ. ನಾನು ಅಜ್ಜಿಯ ಕಾಲದ ಮರದ ಕುರ್ಚಿಯಲ್ಲಿ ಕೂರುತ್ತೇನೆ. ಪೆಡಲ್ ನುಣುಪು ನೆಲದಲ್ಲಿ ಜಾರುತ್ತದೆ. ಕೆಳಗೆ ಕಾಫಿಯ ಗೋಣಿಚೀಲ ಮಡಿಸಿ ಹಾಸಿ, ಹಿಂಬದಿಯನ್ನು ಗೋಡೆಗೆ ಒರಗಿಸಿ. ಚಕ್ರಕ್ಕೆ ಬೇರೆಯೇ ಕರೆಂಟು ಬೇಕು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿದರೂ ಕರೆಂಟು ಹೋದ ಕ್ಷಣ ಚಕ್ರ ಸತ್ತಂತೆ. ಮಳೆಗಾಲಕ್ಕೆ ಇನ್ವರ್ಟರಿನ ಪ್ಲಗ್‌ಗೇ ಹಾಕಿ.

ಕಿರಿದಾದ ದಾರಿಯಲ್ಲಿ ಇಳಿಯುವವರು ಏರಿ ಬರುವವರಿಗೆ ದಾರಿ ಬಿಡಬೇಕೆಂಬ ನಿಯಮ, ಮಂಜಿನಲ್ಲಿ ಎದುರಿನ ದೀಪ ಎಷ್ಟು ದೂರದ್ದೆಂಬ ಅಂದಾಜು, ತಿತಿಮತಿಯ ಕಾಡಿನಲ್ಲಿ ಆನೆ ಕಂಡಾಗ ತಾಳ್ಮೆಯಿಂದ ನಿಲ್ಲುವುದು, ಇವೆಲ್ಲ ಭಾನುವಾರದ ಆ ಒಂದು ಗಂಟೆಯಲ್ಲಿ ಅಪ್ಪನಿಂದಲೇ ಕಲಿಯಬೇಕು. ಎಲ್‌ಎಲ್‌ಆರ್ ಆದ 30 ದಿನಗಳ ನಂತರವೇ ಪರೀಕ್ಷೆ, ಅವಸರವೇನೂ ಇಲ್ಲ.

ಹೊಸದರ ಬೆಲೆ 20,000 ರೂಪಾಯಿ ದಾಟುವುದರಿಂದ ಹಳೆಯದನ್ನು ಹುಡುಕುವುದು ತಪ್ಪಲ್ಲ. ಲಾಜಿಟೆಕ್ ಜಿ27 ಸಿಕ್ಕರೆ ಗೇರ್ ಅದರ ಜೊತೆಗೇ ಬರುತ್ತದೆ. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಒಯ್ದು ಜೋಡಿಸಿ. ಚಕ್ರ ತಾನಾಗಿ ಎರಡೂ ಕೊನೆಗೆ ತಿರುಗಿ ನಡುವೆ ನಿಲ್ಲಬೇಕು. ಆಮೇಲೆ ಕ್ಲಚ್ಚನ್ನು ಅರ್ಧಕ್ಕೆ ಒತ್ತಿ ಹಾಗೆಯೇ ಹಿಡಿದು, ಪೆಡಲ್ ಎಷ್ಟು ಒತ್ತಿದೆ ಎಂದು ಪರದೆಯ ಮೇಲೆ ತೋರಿಸುವ ಪಟ್ಟಿಯನ್ನು ನೋಡಿ. ಅದು ನಡುಗುತ್ತಿದ್ದರೆ ಒಳಗೆ ಕೊಳೆ ಕೂತಿದೆ, ಚೌಕಾಸಿ ಶುರು ಮಾಡಿ.