ಪ್ಯಾರಾಗ್ಲೈಡಿಂಗ್: ಮಹಜರು ಮುಗಿದ ಮೇಲೆ ಉಳಿಯುವ ಪ್ರಶ್ನೆ

ಹಿಮಾಚಲದ ಬೀರ್-ಬಿಲ್ಲಿಂಗ್‌ನಲ್ಲೋ ಮಹಾರಾಷ್ಟ್ರದ ಕಾಮ್ಶೇಟ್‌ನಲ್ಲೋ ಪ್ಯಾರಾಗ್ಲೈಡರ್ ಬಿದ್ದ ಸುದ್ದಿ ಬಂದರೆ ಮೈಸೂರಿನಲ್ಲೂ ಚರ್ಚೆ ಕಾವೇರುತ್ತದೆ. ಈ ಆಟ ಕಲಿಯಲು ಇಲ್ಲಿಯವರು ಹೋಗುವುದೂ ಆ ಗುಡ್ಡಗಳಿಗೇ. ನಿಷೇಧಿಸಿ ಎನ್ನುವವರು ಒಂದು ಕಡೆ, ಹಾರುವವನಿಗೆ ಅಪಾಯ ಗೊತ್ತಿಲ್ಲವೇ ಎನ್ನುವವರು ಇನ್ನೊಂದು ಕಡೆ. ಹೇಗೆ ಬಿದ್ದ ಎಂದು ವಿಚಾರಿಸುವವರು ಕಡಿಮೆ.

1896ರಲ್ಲಿ ಹಾರಾಟದ ಆರಂಭಿಕ ಸಾಹಸಿ, ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಜಿನ್ ಇಲ್ಲದ ಗ್ಲೈಡರ್‌ನಿಂದ ಬಿದ್ದು ತೀರಿಕೊಂಡ. 1970ರ ದಶಕದಲ್ಲಿ ಹ್ಯಾಂಗ್ ಗ್ಲೈಡಿಂಗ್, ಅಂದರೆ ಗಟ್ಟಿ ಚೌಕಟ್ಟಿನ ರೆಕ್ಕೆಗೆ ಜೋತುಬಿದ್ದು ಹಾರುವ ಆಟ, ಹಬ್ಬಿತು. 1978ರಲ್ಲಿ ಫ್ರಾನ್ಸಿನ ಮಿಯೂಸಿಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡವರು ಬೆಟ್ಟದಿಂದ ಓಡಿ ಹಾರಿದ್ದೇ ಪ್ಯಾರಾಗ್ಲೈಡಿಂಗ್ ಆಯಿತು. ಆದರೆ ತಪ್ಪುಗಳಿಂದ ಕಲಿಯುವ ಪಾಠ ಬಂದಿದ್ದು ದೊಡ್ಡ ವಿಮಾನಗಳಿಂದ.

1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಇಳಿಯಬೇಕಿದ್ದ, ಅಮೆರಿಕದ ಟಿಡಬ್ಲ್ಯೂಎ ಸಂಸ್ಥೆಯ ವಿಮಾನ ಗುಡ್ಡಕ್ಕೆ ಅಪ್ಪಳಿಸಿತು; 92 ಜನ ಸತ್ತರು. ಯಾವ ಎತ್ತರಕ್ಕೆ ಇಳಿಯಬಹುದು ಎಂಬ ವಿಷಯದಲ್ಲಿ ಪೈಲಟ್‌ಗಳಿಗೂ ನಿಯಂತ್ರಣ ಕೊಠಡಿಗೂ ಅರ್ಥ ಬೇರೆಯಾಗಿತ್ತು. ಆರು ವಾರ ಮೊದಲು ಇನ್ನೊಂದು ಸಂಸ್ಥೆಯ ವಿಮಾನ ಅದೇ ಗೊಂದಲದಿಂದ ಕೂದಲೆಳೆ ಅಂತರದಲ್ಲಿ ಪಾರಾಗಿತ್ತು. ಅದರ ಪೈಲಟ್‌ಗಳು ಹೇಳಿದ್ದರು ಕೂಡ, ಆದರೆ ತಮ್ಮ ಸಂಸ್ಥೆಗೆ ಮಾತ್ರ. ಮಾತು ಆ ಗೋಡೆ ದಾಟಲಿಲ್ಲ. 1976ರಲ್ಲಿ ಅಮೆರಿಕ, ಪೈಲಟ್‌ಗಳು ಇಂಥ ತಪ್ಪುಗಳನ್ನು ವರದಿ ಮಾಡುವ ಹೊಸ ವ್ಯವಸ್ಥೆ ತಂದಿತು. ವರದಿಗಳು ದಂಡ ಹಾಕುವ ಇಲಾಖೆಗೆ ಹೋಗದೆ ನಾಸಾಕ್ಕೆ ಹೋದವು. ವರದಿಯಿಂದ ಹೆಸರಿರುವ ಚೀಟಿಯನ್ನು ಬೇರ್ಪಡಿಸಿ ಬರೆದವರಿಗೇ ಹಿಂತಿರುಗಿಸುತ್ತಿದ್ದರು. ಉದ್ದೇಶಪೂರ್ವಕವಲ್ಲದ ತಪ್ಪನ್ನು ಹತ್ತು ದಿನದೊಳಗೆ ತಿಳಿಸಿದವರಿಗೆ ದಂಡದಿಂದ ವಿನಾಯಿತಿಯೂ ಸಿಕ್ಕಿತು.

ಹಾರುವವರು ಕಾಲಿನ ಪಟ್ಟಿ ಬಿಗಿಯುವುದನ್ನು ಮರೆಯುವ ತಪ್ಪನ್ನೇ ನೋಡಿ. ಹಾರ್ನೆಸ್‌ನ (ಹಾರುವವರನ್ನು ರೆಕ್ಕೆಗೆ ಕಟ್ಟಿಡುವ ಪಟ್ಟಿಗಳ ಆಸನ) ಎದೆಪಟ್ಟಿ ಹಾಕಿದ್ದರೂ ತೊಡೆಯ ಪಟ್ಟಿಗಳು ಬಿಚ್ಚಿದ್ದರೆ, ನೆಲ ಬಿಟ್ಟ ಕೂಡಲೇ ಮನುಷ್ಯ ಕೆಳಗೆ ಜಾರುತ್ತಾನೆ. ಅನುಭವಿಗಳೂ ಈ ತಪ್ಪು ಮಾಡಿದ್ದಾರೆ. ಅಜಾಗರೂಕತೆ ಎಂದು ಬೈದರೆ ಅಲ್ಲಿಗೆ ಮುಗಿಯುತ್ತಿತ್ತು. ಬದಲಿಗೆ, ತೊಡೆಯ ಪಟ್ಟಿ ಸೇರಿಸದೆ ಎದೆಪಟ್ಟಿ ಹಾಕಲು ಬಾರದಂತೆ ಬಕಲ್‌ಗಳನ್ನೇ ಬದಲಿಸಿದರು. ಬೈಗುಳದಿಂದ ಇಂಥ ಬಕಲ್ ಹುಟ್ಟುವುದಿಲ್ಲ ಎಂಬುದು ಈ ಲೇಖಕನ ಅಂದಾಜು.

ಭಯ ಏನು ಮಾಡಿಸುತ್ತದೆ ಎಂಬುದಕ್ಕೆ ಕೆನಡಾದ ಒಂದು ಪ್ರಕರಣವಿದೆ. 2012ರಲ್ಲಿ ಅಲ್ಲಿ ಪೈಲಟ್ ಹ್ಯಾಂಗ್ ಗ್ಲೈಡರ್‌ಗೆ ಕೊಂಡಿ ಹಾಕದೆ ಹಾರಿಸಿದ ಪ್ರಯಾಣಿಕಳೊಬ್ಬಳು ಬಿದ್ದು ಸತ್ತಳು. ಸಾಕ್ಷ್ಯ ಸಿಗಬಾರದೆಂದು ಅವನು ಕ್ಯಾಮೆರಾದ ಮೆಮೊರಿ ಕಾರ್ಡನ್ನೇ ನುಂಗಿಬಿಟ್ಟ. ಶಿಕ್ಷೆಯಾಯಿತು, ಆಗಲೇಬೇಕಿತ್ತು. ಕ್ಷಮೆಗೂ ಒಂದು ಗಡಿ ಇದೆ: ಯೂರೋಪಿನ 2014ರ ವಿಮಾನಯಾನ ನಿಯಮ ಅನುಭವ, ತರಬೇತಿಗೆ ತಕ್ಕ ಪ್ರಾಮಾಣಿಕ ತಪ್ಪಿಗೆ ರಕ್ಷಣೆ ಕೊಡುತ್ತದೆ, ಘೋರ ನಿರ್ಲಕ್ಷ್ಯಕ್ಕೆ ಕೊಡುವುದಿಲ್ಲ.

ನಮ್ಮಲ್ಲಿ ಈ ಗಡಿ ಇನ್ನೂ ಮಸುಕು. ವಿಮಾನ ಅಪಘಾತದ ತನಿಖೆಯ ಉದ್ದೇಶ ಆರೋಪ ಹೊರಿಸುವುದಲ್ಲ ಎನ್ನುವ ಅಂತರರಾಷ್ಟ್ರೀಯ ತತ್ತ್ವವನ್ನು ಭಾರತ ಒಪ್ಪಿದೆ. ಗುಡ್ಡದ ಮೇಲಿನ ಸಾವಿಗೆ ಮಾತ್ರ ಮೊದಲು ತಲುಪುವುದು ಪೊಲೀಸ್ ಮಹಜರು, ನಂತರ ನಿರ್ಲಕ್ಷ್ಯದಿಂದ ಸಾವಿನ ಪ್ರಕರಣ, ಹಲವೆಡೆ ಹಾರಾಟಕ್ಕೇ ತಡೆ. 2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿ ಸುರಕ್ಷತೆಯ ಹೊಣೆಯನ್ನು ಆಯಾ ಕ್ರೀಡೆಯ ಸಂಘಗಳ ಮೇಲಿಟ್ಟಿತು. ತಪ್ಪಿದರೆ ದಂಡ, ಅಮಾನತು ಎಂದಿತು. ಒಳ್ಳೆಯದೇ. ಆದರೆ ಪ್ರವಾಸಿಗರನ್ನು ಹಾರಿಸಿ ಹೊಟ್ಟೆ ಹೊರೆಯುವ ಪೈಲಟ್, ಇಂದು ಬೀಳುತ್ತಿದ್ದೆ ಎಂದು ಬಾಯಿಬಿಟ್ಟು ಹಂಗಾಮಿನ ಸಂಪಾದನೆ ಕಳೆದುಕೊಳ್ಳುತ್ತಾನೆಯೇ?

ಮಂಡ್ಯದ ಬಯಲಿನಲ್ಲಿ ಹಾರುವವರಿಗೆ ಹೇಳಿಕೊಳ್ಳಬೇಕಾದದ್ದು ಬೇಕಾದಷ್ಟಿದೆ. ಬೇಸಿಗೆಯಲ್ಲಿ ನಾಗಮಂಗಲ ಕಡೆಯ ಒಣ ನೆಲ ಬೇಗ ಕಾದು ಬಿಸಿಗಾಳಿ ಮೇಲೇಳುತ್ತದೆ, ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳ ಮೇಲೆ ಅಷ್ಟು ಏಳುವುದಿಲ್ಲ. ಇವೆರಡರ ಅಂಚಿನಲ್ಲಿ ಎತ್ತರ ಕಳೆದುಕೊಂಡವರಿಗೆ ಕೆಳಗೆ ಸಿಗುವುದು ಆಳೆತ್ತರದ ಕಬ್ಬು ಮತ್ತು ವಿದ್ಯುತ್ ತಂತಿ. ಇದನ್ನು ಬರೆದಿಡಲು ಸರ್ಕಾರದ ಆದೇಶ ಬೇಕಿಲ್ಲ. ಸಂಜೆ ರೆಕ್ಕೆ ಮಡಚಿದ ಮೇಲೆ ಎಲ್ಲರೂ ಅರ್ಧ ಗಂಟೆ ಕೂತು, ತಂಡದಲ್ಲಿ ಹೆಚ್ಚು ಅನುಭವ ಇರುವವರೇ ಮೊದಲು ಆ ದಿನದ ತಮ್ಮ ಎಡವಟ್ಟು ಹೇಳಿದರೆ, ಹೊಸಬರು ತಮ್ಮದನ್ನು ಹೇಳಲು ಹಿಂಜರಿಯುವುದು ಕಡಿಮೆಯಾಗುತ್ತದೆ.