ನವಿಲಿನ ಬಾಲ ಎಲ್ಲಿದೆ?

ಕುಣಿಯುವ ನವಿಲಿನ ಚಿತ್ರ ಬರೆಯುವವರು ಎಡವುವುದು ಬಾಲದಲ್ಲಿ. ಕಣ್ಣುಕಣ್ಣಿನ ಆ ಉದ್ದ ಗರಿಗಳು ಬಾಲವೇ ಅಲ್ಲ. ಅವು ಬೆನ್ನಿನ ಕೆಳಭಾಗದಲ್ಲಿ ಹುಟ್ಟಿ ಬಾಲದ ಮೇಲೆ ಹರಡಿಕೊಳ್ಳುವ ಹೊದಿಕೆಗರಿಗಳು. ನಿಜವಾದ ಬಾಲವೆಂದರೆ ಕಂದುಬಣ್ಣದ, ಗಿಡ್ಡ, ಗಡುಸಾದ 20 ಗರಿಗಳು. ಬಿಚ್ಚಿದ ಗರಿಗಳ ಬೀಸಣಿಗೆ ಬೀಳದಂತೆ ಹಿಂದಿನಿಂದ ಆನಿಸಿ ಹಿಡಿಯುವುದು ಅವೇ. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ಕುಣಿಯುವ ನವಿಲು ಬೆನ್ನು ತಿರುಗಿಸುವವರೆಗೆ ಕಾದರೆ ಎಲ್ಲ ಕಾಣುತ್ತದೆ. ಮುಂದಿನಿಂದಷ್ಟೇ ನೋಡಿ ಬರೆದವರ ಬೀಸಣಿಗೆ ಹಕ್ಕಿಯ ಹಿಂದೆ ಗೋಡೆಗೆ ಅಂಟಿಸಿದಂತೆ ಇರುತ್ತದೆ.

ಕಾಲಿನದೂ ಇದೇ ಪಾಡು. ಹಿಂದಕ್ಕೆ ಮಡಚುವ ಗಂಟು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ಮೊಣಕಾಲು ಹೊಟ್ಟೆಯ ಗರಿಯೊಳಗೆ ಅಡಗಿರುತ್ತದೆ. ಮೊದಲು ಮೈಯನ್ನು ಮೊಟ್ಟೆಯಾಕಾರದಲ್ಲಿ ಬರೆದು, ತೂಕ ಬೀಳುವ ಕಡೆಯಿಂದ ನೆಟ್ಟಗೆ ಗೆರೆ ಇಳಿಸಿ, ಪಾದವನ್ನು ಅಲ್ಲಿಡಿ. ಪಾದ ಹಿಂದೆ ಸರಿದರೆ ಹಕ್ಕಿ ಮುಗ್ಗರಿಸುತ್ತದೆ.

ಹಳೆಯ ಚಿತ್ರವನ್ನು ವಿಜ್ಞಾನಕ್ಕೆ ಸಾಕ್ಷಿಯಾಗಿ ಹಿಡಿಯುವ ಮುನ್ನ ಕೇಳಬೇಕಾದ್ದು ಒಂದೇ: ಬರೆದವನ ಎದುರಿಗೆ ಏನಿತ್ತು? ಜೀವಂತ ಹಕ್ಕಿಯೋ, ಒಣಗಿದ ಚರ್ಮವೋ, ಮತ್ತೊಂದು ಚಿತ್ರವೋ? ನ್ಯೂಗಿನಿ ಕಡೆಯಿಂದ ಯುರೋಪಿಗೆ ಹೋದ ಸ್ವರ್ಗದ ಹಕ್ಕಿಯ ಚರ್ಮಗಳಿಗೆ ಕಾಲು ಕತ್ತರಿಸಿರುತ್ತಿದ್ದರು. ನೋಡಿದವರು ಹುಟ್ಟಾ ಕಾಲೇ ಇಲ್ಲವೆಂದು ನಂಬಿದರು, ಹಾಗೆಯೇ ಬರೆದರು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ 1758ರಲ್ಲಿ ಅದರ ಒಂದು ಜಾತಿಗೆ ಕೊಟ್ಟ 'ಅಪೋಡಾ', ಅಂದರೆ ಕಾಲಿಲ್ಲದ್ದು ಎಂಬ ಹೆಸರು ಈಗಲೂ ಚಾಲ್ತಿಯಲ್ಲಿದೆ! ಅತ್ತ ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಸೈಬೀರಿಯನ್ ಕ್ರೇನ್ ಎಂಬ ದೊಡ್ಡ ಬಿಳಿ ಹಕ್ಕಿಯ ಕೊಕ್ಕಿನ ಬುಡದ ಸುಕ್ಕುಚರ್ಮವನ್ನೂ ಬಿಡದೆ ಬರೆದ. ಪಾಶ್ಚಾತ್ಯ ವಿಜ್ಞಾನ ಆ ಹಕ್ಕಿಗೆ ಹೆಸರಿಟ್ಟದ್ದು ಬಹಳ ಕಾಲದ ಮೇಲೆ, 1773ರಲ್ಲಿ.

ಗುಡಿಗಳ ಹಂಸದ ಬಾಲ ಬಳ್ಳಿಯಂತೆ ಸುರುಳಿ ಸುತ್ತಿರುತ್ತದೆ. ಅದು ಶಿಲ್ಪಿಗಳ ಕೈಯಿಂದ ಕೈಗೆ ಬಂದ ಅಲಂಕಾರ. ಆ ಬಾಲವನ್ನು ಬೆರಳಿನಿಂದ ಮುಚ್ಚಿ ಕೊಕ್ಕು, ಕತ್ತು, ಜಾಲಪಾದ ನೋಡಿ. ಹಂಸವೆಂದರೆ ಪಟ್ಟೆತಲೆ ಹೆಬ್ಬಾತೇ ಎಂಬ ವಾದ ಹಳೆಯದು, ನನಗೂ ಒಪ್ಪಿಗೆ. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಅವು ಹಿಂಡುಗಟ್ಟಿ ಬರುತ್ತವೆ: ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ. ಪಟ್ಟೆ ಎಣಿಸಲು ದುರ್ಬೀನು ಬೇಕು. ಹತ್ತಿರ ಹೋದರೆ ಹಿಂಡೇ ಏಳುತ್ತದೆ.

ಅಲ್ಲಿ ಸ್ಕೆಚ್ ಮಾಡುವಾಗ ಪುಟದ ಮೂಲೆಯಲ್ಲಿ ತಾರೀಖು, ವೇಳೆ, ಅಂದಾಜು ದೂರ ಬರೆಯಿರಿ. ಕಂಡದ್ದಕ್ಕೆ ಗಟ್ಟಿ ಗೆರೆ, ಮನೆಗೆ ಬಂದು ನೆನಪಿನಿಂದ ತುಂಬಿದ್ದಕ್ಕೆ ಚುಕ್ಕೆಗೆರೆ.